ಚನಬಸು ಉಪವಾಸ ಕೆಡವಿದ ಸಾಲು

ಚನಬಸು ಬಟ್ಟಬಯಲಿನಲ್ಲಿಯೂ ಬಗ್ಗಿಯೇ ನಡೆಯುತ್ತಿದ್ದ. ನಮ್ಮ ಉದಗಾಂವದ ರಸ್ತೆಯಲ್ಲಿ ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಅಲ್ಲಿ ಈ ಆರಡಿ ಮನುಷ್ಯ ಸೊಂಟ ಬಗ್ಗಿಸಿ, ಕುತ್ತಿಗೆ ಮುಂದೆ ಚಾಚಿ, ಮುಖ ಮಾತ್ರ ಮೇಲೆತ್ತಿಕೊಂಡು ಬರುವುದನ್ನು ಮೊದಲ ಸಲ ನೋಡಿದವರು, ಪಾಪ, ಬೆನ್ನುಬೇನೆ ಇರಬೇಕು ಅಂತ ದಾರಿ ಬಿಡುತ್ತಿದ್ದರು. ಬೇನೆ ಗೀನೆ ಏನೂ ಇರಲಿಲ್ಲ. ದಿನಕ್ಕೆ ಎಂಟು ತಾಸು ನಮ್ಮ ದ್ರಾಕ್ಷಿ ಬಾಗದ, ಅಂದರೆ ತೋಟದ, ಬಳ್ಳಿ ಹಬ್ಬಿಸಿದ ಮಂಡಪದ ಕೆಳಗೆ ತಿರುಗಿ ತಿರುಗಿ ಅವನ ಮೈ ಹಾಗೇ ಕೂತುಬಿಟ್ಟಿತ್ತು. ಆ ಮಂಡಪ ಹಾಕಿಸಿದವರು ನನ್ನ ಗಂಡ. ಅವರು ಗಿಡ್ಡ. ತಮ್ಮ ಕೈಗೆ ಎಟುಕುವಷ್ಟು ಎತ್ತರಕ್ಕೆ ತಂತಿ ಬಿಗಿಸಿ "ಇಷ್ಟ ಸಾಕು" ಅಂದಿದ್ದರು. ಮುಂದೊಂದು ದಿನ ಮಹಾಗಾಂವದಿಂದ ಒಂದು ಒಂಟೆ ಬರುತ್ತದೆ ಅಂತ ಅವರಿಗೇನು ಗೊತ್ತು?

ಬಳ್ಳಿಯ ಕೆಳಗೆ ನಿಂತವನಿಗೆ ಕಾಣುವುದು ಎಲೆಯ ಬೆನ್ನು. ಹೀಗಾಗಿ ಚನಬಸುನ ಕಣ್ಣು ಯಾವಾಗಲೂ ಮೇಲೆ, ಕಾಲು ಯಾವಾಗಲೂ ಸಗಣಿಯಲ್ಲಿ. ನಮ್ಮ ಬಾಗದ ಒಂದೊಂದು ಎಲೆಯ ಗುರುತು ಅವನಿಗಿತ್ತು. ಆದರೆ ನಮ್ಮ ಹಿತ್ತಲ ಬಾಗಿಲಿಗೆ ಮೆಟ್ಟಿಲು ಎಷ್ಟು ಅಂತ ಮೂರು ವರ್ಷವಾದರೂ ಗೊತ್ತಾಗಲಿಲ್ಲ. ಎರಡು ಇದ್ದವು. ಅವನು ದಿನಾ ಒಂದನ್ನೇ ಇಳಿಯುತ್ತಿದ್ದ.

ಅವನು ಡಾಕ್ಟರ್ ಆಗಲು ಓದುತ್ತಿದ್ದ. ಮನುಷ್ಯರ ಡಾಕ್ಟರ್ ಅಲ್ಲ. ದ್ರಾಕ್ಷಿಯ ರೋಗದ ಮೇಲೆ ಸಂಶೋಧನೆ ಮಾಡಿ ದಪ್ಪನೆಯ ಪುಸ್ತಕ ಬರೆದರೆ ಹೆಸರಿನ ಮುಂದೆ ಹತ್ತುತ್ತದಲ್ಲ, ಆ ಡಾಕ್ಟರ್. ಮಹಾಗಾಂವದಲ್ಲಿ ಅವನ ತಾಯಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ. ಮಗ ಕಾಲೇಜಿಗೆ ಹೆಸರು ಹಚ್ಚಿದ ವಾರವೇ ಆಕೆ ಬಾಗಿಲಿಗೆ "ಡಾಕ್ಟರ್ ಚನಬಸು" ಅಂತ ಬೋರ್ಡು ಬರೆಸಿಬಿಟ್ಟಿದ್ದಳು. ಜ್ವರ ಬಂದವರು ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಅವನು ಹಬ್ಬಕ್ಕೆ ಊರಿಗೆ ಹೋದರೆ ಹಿಂದಿನ ಗೋಡೆ ಹಾರಿ ಮನೆಯೊಳಗೆ ಹೋಗಬೇಕಾಗುತ್ತಿತ್ತಂತೆ. ಒಮ್ಮೆ ಒಬ್ಬ ಮುದುಕ ಹಿಡಿದು ನಿಲ್ಲಿಸಿ ನಾಲಿಗೆ ಚಾಚಿದ. ಚನಬಸು ನೋಡಿದನಂತೆ. "ಬಿಳಿ ಬಂದಿತ್ರಿ ಆಯಿ, ಆದ್ರ ಭುರಿ ಅಲ್ಲ" ಅಂತ ನನಗೆ ಹೇಳಿದ.

ಭುರಿ ಅಂದರೆ ಬೂದಿ ರೋಗ. ಚಳಿ ಬಿದ್ದು, ಬೆಳಿಗ್ಗೆ ಮಂಜು ಹಿಡಿಯತೊಡಗಿತು ಅಂದರೆ ಒಲೆಯ ಬೂದಿಯನ್ನು ಯಾರೋ ಜರಡಿ ಹಿಡಿದು ಉದುರಿಸಿದ ಹಾಗೆ ಎಲೆಯ ಮೇಲೆ, ಕಾಯಿಯ ಮೇಲೆ ಕೂಡುತ್ತದೆ. ಬಿಟ್ಟರೆ ಕಾಯಿ ಸೀಳುತ್ತದೆ, ಗೊನೆ ನಾರುತ್ತದೆ. ಚನಬಸುನ ಪುಸ್ತಕವೆಲ್ಲ ಈ ಭುರಿಯ ಮೇಲೆ. ಅದಕ್ಕೆ ಅವನಿಗೊಂದು ಬಾಗ ಬೇಕಾಗಿತ್ತು. ನನ್ನ ಮಗ ಅಪ್ಪಾಸು, ಬಾಗ ನೋಡಿಕೊಳ್ಳಲು ಒಬ್ಬ ಕಲಿತವನು ಪುಕ್ಕಟೆ ಸಿಗುತ್ತಾನೆ ಅಂತ ಹೂಂ ಅಂದ. ಪಂಪಿನ ಕೋಣೆಯಲ್ಲಿ ಹಾಸಿಗೆ, ಊಟ ನಮ್ಮ ಮನೆಯಲ್ಲಿ. ಪುಕ್ಕಟೆ ಅನ್ನುವುದು ಅವನು ಎಷ್ಟು ಜೋಳದ ಭಕ್ಕರಿ ತಿನ್ನುತ್ತಾನೆ ಅಂತ ತಿಳಿಯುವ ಮೊದಲಿನ ಮಾತು.

ಆ ಭಕ್ಕರಿಯನ್ನು ಹಾಗೇ ಮುರಿದು ತಿನ್ನುತ್ತಿದ್ದನೇ? ಇಲ್ಲ. ಮೊದಲು ತಿರುವಿ ಬೆನ್ನು ನೋಡಬೇಕು. ತಾಟು ಕೊಟ್ಟರೆ ತಾಟಿನ ತಳ, ಲಗ್ನಪತ್ರಿಕೆ ಕೊಟ್ಟರೆ ಅದರ ಹಿಂದಿನ ಖಾಲಿ ಮಗ್ಗುಲು. "ರೋಗ ಎದುರಿಗೆ ಬರಂಗಿಲ್ರಿ ಆಯಿ, ಬೆನ್ನಿಗೆ ಬಂದು ಕೂಡತೈತಿ" ಅನ್ನುತ್ತಿದ್ದ. ನನ್ನ ಭಕ್ಕರಿಯ ಬೆನ್ನಿಗೆ ಏನು ಬಂದು ಕೂತಿತ್ತೋ ನಾನು ಕಾಣೆ.

ಇನ್ನೊಂದು ಅವನ ಸೊನ್ನೆ. ರೋಗ ಅಳೆಯುವವರಿಗೆ ಒಂದು ಲೆಕ್ಕ ಇರುತ್ತದಂತೆ. ಎಲೆ ಸ್ವಚ್ಛ ಇದ್ದರೆ ಸೊನ್ನೆ, ಪೂರ್ತಿ ಹಾಳಾದರೆ ನಾಲ್ಕು. ದಿನವೆಲ್ಲ ಎಲೆಗಳಿಗೆ ಹೀಗೆ ಅಂಕಿ ಕೊಟ್ಟು ಕೊಟ್ಟು ಅವನು ಜಗತ್ತಿಗೆಲ್ಲ ಅದನ್ನೇ ಹಚ್ಚಿದ. ನನ್ನ ಸೊಸೆ ತ್ರಿಶಲಾ ಒಂದು ದಿನ ಹಟ ಹಿಡಿದು ಕಡಲೆಹಿಟ್ಟಿನ ಝುಣಕ ಮಾಡಿದಳು. ಅವನು ಮೂರು ಸಲ ಹಾಕಿಸಿಕೊಂಡು ತಿಂದು, ಕೈ ನೆಕ್ಕಿ, "ವೈನಿ, ನಿಮ್ಮ ಝುಣಕ ಸೊನ್ನೆ ನೋಡ್ರಿ, ಬರೋಬ್ಬರಿ ಸೊನ್ನೆ" ಅಂದ. ಅವಳು ಸೌಟನ್ನು ಪಾತೇಲಿಯೊಳಗೆ ಎಸೆದು ಒಳಗೆ ಹೋದಳು. ಎರಡು ದಿನ ಅವನ ತಾಟಿಗೆ ಉಪ್ಪಿಲ್ಲದ ಬೇಳೆ ಬಿತ್ತು. ಅವನು ಅದನ್ನೂ ತಿಂದ, "ಇದು ಎರಡು" ಅಂದ. ಆಮೇಲೆ ನಾನೇ ನಡುವೆ ಹೋಗಿ ಲೆಕ್ಕ ಬಿಡಿಸಿ ಹೇಳಬೇಕಾಯಿತು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಲೆಯೂ ಇಲ್ಲ, ಊಟವೂ ಇಲ್ಲ. ಚನಬಸು ಎಲೆ ಎಣಿಸುತ್ತ ಹೊತ್ತು ಮರೆಯುತ್ತಿದ್ದ. ಸೂರ್ಯ ಕಬ್ಬಿನ ತುದಿಗೆ ಬಂದಾಗ ನೆನಪಾಗಿ ಬಾಗದಿಂದ ಓಡಿ ಬರುವವನು, ಅದೂ ಬಗ್ಗಿಕೊಂಡೇ. ಅವನು ಓಡಿದ್ದನ್ನು ನೋಡಿ ನಮ್ಮ ಓಣಿಯ ಹೆಂಗಸರು ತಮ್ಮ ಮನೆಯ ತಾಟು ಹಾಕುತ್ತಿದ್ದರು. ತಪ್ಪಿದ ದಿನ ತಪ್ಪಿತು, ನಾನು ಬಡಿಸುವವಳಲ್ಲ. ಆದರೆ ಪಂಪಿನ ಕೋಣೆಯಲ್ಲಿ ಒಂದು ಡಬ್ಬಿ ಭಡಂಗ ಚುರುಮುರಿ ಇಟ್ಟಿರುತ್ತಿದ್ದೆ, ಜಯಸಿಂಗಪುರದ್ದು, ಖಾರದ್ದು. ಯಾಕೆ ಅಂತ ಕೇಳಿದರೆ ಇಲಿಗೆ ಅನ್ನುತ್ತಿದ್ದೆ. ಇಲಿ ಡಬ್ಬಿಯ ಮುಚ್ಚಳ ತೆಗೆದು, ತಿಂದು, ಮತ್ತೆ ಹಾಕಿ ಇಡುತ್ತಿತ್ತು.

ಇನ್ನು ಆ ಸಾಲಿನ ಮಾತು.

ಬಂದ ವರ್ಷ, ದಿವಾಳಿಯ ಮುಂಚೆ ಬಳ್ಳಿ ಕತ್ತರಿಸುವ ಛಾಟಣಿ ಮುಗಿದು ಹೊಸ ಚಿಗುರು ಒಡೆದಾಗ, ಅವನು ಮೂರು ಸಾಲು ಹಿಡಿದು ರಿಬ್ಬನ್ನು ಕಟ್ಟಿದ. ಕೆಂಪು ರಿಬ್ಬನ್ನಿನ ಸಾಲಿಗೆ ಅಂಗಡಿಯ ಔಷಧ. ಹಳದಿಯದಕ್ಕೆ ಅವನೇ ಬೆಲ್ಲದ ನೀರಿನಲ್ಲಿ ಯಾವುದೋ ಜೀವಾಣು ಬೆಳೆಸಿ ಮಾಡಿದ ಔಷಧ. ಅದರ ವಾಸನೆಗೆ ಎಮ್ಮೆ ಹಗ್ಗ ಹರಿದುಕೊಂಡು ಹೋಗಿತ್ತು. ಮೂರನೆಯದಕ್ಕೆ ಬಿಳಿ ರಿಬ್ಬನ್ನು ಕಟ್ಟಿ ಸುಮ್ಮನೆ ನಿಂತ.

"ಇದಕ್ಕ?" ಅಂದೆ.

"ಏನೂ ಇಲ್ರಿ."

"ಮರತಿ ಏನು?"

"ಇಲ್ರಿ ಆಯಿ. ಇದಕ್ಕ ಏನೂ ಹೊಡಿಯಂಗಿಲ್ಲ. ಹಂಗ ಬಿಡೂದು."

"ಯಾಕ, ಅದೇನ ಮಾಡೇತಿ ನಿನಗ?"

"ಏನೂ ಹೊಡೀಲಿಲ್ಲಂದ್ರ ಎಷ್ಟು ರೋಗ ಬರತೈತಿ ಅಂತ ಗೊತ್ತಾಗಬೇಕಲ್ರಿ? ಆಗ ಉಳದ ಔಷಧ ಎಷ್ಟು ಕೆಲಸ ಮಾಡ್ಯಾವ ಅಂತ ಅಳೀಬಹುದು."

ತಿಳಿಯಲಿಲ್ಲ ಅಂತಲ್ಲ. ತಿಳಿದದ್ದಕ್ಕೇ ಸಿಟ್ಟು ಬಂತು. ಇದು ಪಂಕ್ತಿಭೇದ. ಒಂದು ಪಂಕ್ತಿಗೆ ಬಡಿಸಿ, ಪಕ್ಕದ ಪಂಕ್ತಿಯನ್ನು ಬಾಯಿ ನೋಡುತ್ತ ಕೂಡಿಸುವುದು ನಮ್ಮಲ್ಲಿ ಇಲ್ಲ. ನಮ್ಮ ಮಾವನವರು ಒಂದು ಲಗ್ನದಲ್ಲಿ ವಾಜಂತ್ರಿಯವರ ಪಂಕ್ತಿಗೆ ತುಪ್ಪ ಮುಟ್ಟಿಲ್ಲ ಅಂತ ಗೊತ್ತಾಗಿ ಇಡೀ ಊಟವನ್ನೇ ನಿಲ್ಲಿಸಿದ್ದರು. ಪಕ್ಕದ ಊರಿನಿಂದ ತುಪ್ಪ ಬರುವ ತನಕ ಮದುಮಗ ಕೈಯಲ್ಲಿ ತುತ್ತು ಹಿಡಿದುಕೊಂಡು ಕೂತಿದ್ದ. ಅಂಥ ಮನೆಯ ಬಾಗದಲ್ಲಿ ಇವನು ಇಪ್ಪತ್ತು ಬಳ್ಳಿಗಳನ್ನು ಬೇಕಂತಲೇ ಉಪವಾಸ ಕೆಡವುತ್ತಾನೆ, ಮೇಲೆ ಬಿಳಿ ರಿಬ್ಬನ್ನಿನ ಶೃಂಗಾರ ಬೇರೆ!

ಆ ವರ್ಷ ನಾನು ಬಾಯಿ ಕಟ್ಟಿಕೊಳ್ಳಲಿಲ್ಲ, ಕೈ ಕಟ್ಟಿಕೊಂಡೆ. ಬಳ್ಳಿ ಬೂದಿ ಬಡಿದು ಮುದುಡಿತು, ಕಾಯಿ ಸೀಳಿತು, ಗೊನೆ ನಾರಿತು. ಚನಬಸು ಅದರ ಕೆಳಗೆ ನಿಂತು "ನಾಲ್ಕು, ನಾಲ್ಕು, ಮೂರು, ನಾಲ್ಕು" ಅಂತ ಬರೆದುಕೊಂಡ. ಮಾರಿಯ ಮೇಲೆ ದುಃಖ ಇಲ್ಲ, ಏನಿಲ್ಲ. ಕಲ್ಲು ಅಂದುಕೊಂಡೆ.

ಇದೇ ರೀತಿ ಇನ್ನೊಂದು ವರ್ಷ ಆಗಬೇಕು, ಆಗ ಪುಸ್ತಕ ಮುಗಿಯುತ್ತದೆ ಅಂದ. ಎರಡೂ ವರ್ಷದ ಅಂಕಿ ಕೂಡಬೇಕಂತೆ.

ಆ ನಡುವೆ ಅವನ ತಾಯಿ ನನಗೆ ಫೋನು ಮಾಡಿ, "ಅಕ್ಕಾರ, ಮೂವತ್ತೆರಡು ತುಂಬಿದ್ವು, ಎಲ್ಲೆರೆ ಒಂದ ಹುಡುಗಿ ತೋರಸ್ರಿ" ಅಂತ ಗೋಗರೆದಳು. ಇಚಲಕರಂಜಿಯಲ್ಲಿ ಅವರದೇ ಲಿಂಗಾಯತರ ಒಂದು ಮನೆ ನನಗೆ ಗೊತ್ತಿತ್ತು. ಮಗ್ಗದ ಕಾರಖಾನೆ ಇದ್ದವರು, ಹುಡುಗಿ ಕಲಿತವಳು. ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿದೆ: ಏನನ್ನೂ ತಿರುವಿ ನೋಡಬೇಡ, ಯಾವುದಕ್ಕೂ ಅಂಕಿ ಕೊಡಬೇಡ. ಹೂಂ ಅಂದ. ಪೋಹೆ ತಿಂದ, ಚಹಾ ಕುಡಿದ, ಬಸಿಯ ತಳ ನೋಡಲಿಲ್ಲ. ನನಗೆ ಜೀವ ಬಂತು. ಆಮೇಲೆ ಹುಡುಗಿಯ ತಂದೆ ವೀಳ್ಯದೆಲೆಯ ತಬಕ ಮುಂದೆ ಸರಿಸಿದರು.

ಎಲೆ ಕಂಡ ಮೇಲೆ ಇನ್ನೇನು! ತಿರುವಿದ. ಕಿಸೆಯಿಂದ ಭೂತಗನ್ನಡಿ ತೆಗೆದ. ತಬಕದಲ್ಲಿದ್ದ ಎಲ್ಲ ಎಲೆಗಳನ್ನೂ ಒಂದೊಂದಾಗಿ ನೋಡಿ, ಎರಡನ್ನು ಬೇರೆ ತೆಗೆದು, "ಇವೆರಡಕ್ಕ ರೋಗ ಐತ್ರಿ, ಉಳದಾವ ತಿನ್ರಿ" ಅಂತ ಯಜಮಾನರಿಗೇ ತಬಕ ತಿರುಗಿ ಕೊಟ್ಟ. ಅವರ ಮಾರಿ ಕೆಂಪಗಾಯಿತು. ಮಾತು ತಿರುಗಿಸಲು, "ಸಂಶೋಧನಾ ಅಂದ್ರ ಸದ್ಯಕ್ಕ ಏನ ಮಾಡತೀರಿ?" ಅಂತ ಕೇಳಿದರು.

"ಒಂದ ಸಾಲ ಬಳ್ಳಿ ರೋಗದಾಗ ಹಾಳಾಗೂದನ್ನ ನೋಡಕೋತ ನಿಂದ್ರತೇನ್ರಿ."

ಬಾಗಿಲ ಬಳಿ ನಿಂತಿದ್ದ ಹುಡುಗಿ ಕೇಳಿದಳು: "ಹಾಳಾಗಲಿಲ್ಲಂದ್ರ?"

"ಹಾಳಾಗಬೇಕ್ರಿ" ಅಂದ ಚನಬಸು, ಬಹಳ ನಂಬಿಕೆಯಿಂದ.

ಸಂಬಂಧ ಅಲ್ಲಿಗೇ ಮುಗಿಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ, "ಹುಡುಗಿ ಹೆಂಗಿದ್ಲೋ?" ಅಂದರೆ, "ಪ್ರಶ್ನಿ ಚಲೋ ಕೇಳಿದ್ಲ್ರಿ" ಅಂದ. ಮುಖ ನೋಡಿದ್ದನೋ ಇಲ್ಲವೋ.

ಎರಡನೆಯ ವರ್ಷ ಚಳಿ ಬೇಗ ಬಿತ್ತು. ಬಿಳಿ ಸಾಲಿನ ಎಲೆಗಳ ಮೇಲೆ ಬೂದಿಯ ಮೊದಲ ಚುಕ್ಕೆ ನನಗೇ ಕಂಡಿತು. ಚನಬಸು ಸೋಮವಾರಕ್ಕೊಮ್ಮೆ ಎಲೆಗಳನ್ನು ಚೀಲದಲ್ಲಿ ತುಂಬಿಕೊಂಡು ಜಯಸಿಂಗಪುರದಲ್ಲಿ ರೈಲು ಹತ್ತಿ ಕೊಲ್ಹಾಪುರದ ಕಾಲೇಜಿಗೆ ಹೋಗುತ್ತಿದ್ದ. ಒಮ್ಮೆ ಹಾತಕಣಂಗಲೆ ಸ್ಟೇಷನ್ನಿನಲ್ಲಿ ಹತ್ತಿದ ಹೆಂಗಸೊಬ್ಬಳು ಚೀಲ ನೋಡಿ ಸೊಪ್ಪಿನ ಧಾರಣೆ ಕೇಳಿದಳಂತೆ. "ಎಲ್ಲಾ ರೋಗದ್ದ್ರಿ" ಅಂದನಂತೆ ಇವನು. ಬಾಕಿನ ಮೇಲಿದ್ದವರೆಲ್ಲ ಎದ್ದು ಹೋದರು, ಇವನು ಕಾಲು ಚಾಚಿ ಮಲಗಿಕೊಂಡು ಹೋದ.

ಚುಕ್ಕೆ ಕಂಡ ಮೇಲಿನ ಮೊದಲ ಸೋಮವಾರ, ಅವನು ರೈಲಿಗೆ ಹೋದಾಗ, ನಾನು ಮಾಡಬಾರದ್ದನ್ನು ಮಾಡಿದೆ. ನಮ್ಮ ಮನೆಯಲ್ಲಿ ಒಂದು ದಿನ ದಾಟಿದ ಮಜ್ಜಿಗೆ ಕುಡಿಯುವುದಿಲ್ಲ, ಎಮ್ಮೆಗೆ ಹಾಕುತ್ತೇವೆ. ನನ್ನ ತವರಿನಲ್ಲಿ ಸೋರೆಬಳ್ಳಿಗೆ ಬೂದಿ ಹಿಡಿದರೆ ನಮ್ಮವ್ವ ಹುಳಿ ಮಜ್ಜಿಗೆ ಚಿಮುಕಿಸುತ್ತಿದ್ದಳು. ಮೂಲೆಯಲ್ಲಿದ್ದ ಹಳೆಯ ಕೈಪಂಪು ತೊಳೆದೆ, ಮೂರು ದಿನದ ಹುಳಿ ಮಜ್ಜಿಗೆಗೆ ನೀರು ಬೆರೆಸಿದೆ, ಸೋಸಿದೆ, ಹೊಡೆದೆ. ಮಂಡಪ ನನ್ನ ಗಂಡನ ಎತ್ತರದ್ದು, ನನಗೂ ಸರಿಯಾಗಿ ಎಟುಕಿತು. ಇಪ್ಪತ್ತು ಬಳ್ಳಿಗೂ ಸಮ ಬಡಿಸಿದೆ. ಆ ಹೊತ್ತು ಊಟ ರುಚಿಯಾಯಿತು. ಮುಂದಿನ ಸೋಮವಾರ ಮತ್ತೆ. ಅದರ ಮುಂದಿನದೂ ಬಿಡಲಿಲ್ಲ.

ಮೊದಲು ಚನಬಸು ತನ್ನ ಕಣ್ಣಿನ ಮೇಲೆ ಸಂಶಯಪಟ್ಟ. ಕನ್ನಡಕ ಬದಲಿಸಿದ. ಆಮೇಲೆ ಲೆಕ್ಕದ ಮೇಲೆ ಸಂಶಯಪಟ್ಟ, ಮತ್ತೆ ಎಣಿಸಿದ. ನಾಲ್ಕು ಬರಬೇಕಾದಲ್ಲಿ ಒಂದು, ಸೊನ್ನೆ, ಒಂದು. ಒಂದು ಸಂಜೆ ಹೊತ್ತು ಇರುವಾಗಲೇ ಓಡಿ ಬಂದು, "ಆಯಿ, ಈ ಸಾಲಿನ ಬಳ್ಳಿ ತಾನ ಗುಣ ಆಗಾಕತ್ತಾವ್ರಿ! ಇಂಥಾ ಬಳ್ಳಿ ಎಲ್ಲೂ ಇಲ್ಲ! ಆ ಇಚಲಕರಂಜಿ ಹುಡುಗಿ ಕೇಳಿದ್ದು ಖರೇ ಆತು!" ಅಂದ. ಕುಣಿಯಲಿಕ್ಕೆ ಹೋಗಿ ಮೆಟ್ಟಿಲಲ್ಲಿ ಬಿದ್ದ.

ಅವನ ನೋಟಬುಕ್ಕಿನಲ್ಲಿ ಬರೆದದ್ದನ್ನು ನನಗೇ ಓದಿ ತೋರಿಸುತ್ತಿದ್ದ. "ಮೂರನೆಯ ಸಾಲಿನಲ್ಲಿ ಹುಳಿ ವಾಸನೆ. ರೋಗ ತಡೆಯಲು ಬಳ್ಳಿ ತಾನೇ ಹೊರಬಿಡುತ್ತಿರಬಹುದು." ಇನ್ನೊಂದು ದಿನ: "ಬೆಕ್ಕು ಬಂದು ಬಳ್ಳಿಯ ಬೊಡ್ಡೆ ನೆಕ್ಕಿತು. ಉಳಿದ ಸಾಲುಗಳನ್ನು ಮೂಸಲಿಲ್ಲ. ಬೆಕ್ಕಿಗೆ ಈ ಬಳ್ಳಿಯ ಗುಣ ಗೊತ್ತಾಗುತ್ತಿರಬಹುದೆ?" ಮರುದಿನದಿಂದ ಬೆಕ್ಕಿಗೂ ಒಂದು ಪುಟ ತೆಗೆದ. ಎಷ್ಟು ಹೊತ್ತಿಗೆ ಬಂತು, ಎಷ್ಟು ಬೊಡ್ಡೆ ನೆಕ್ಕಿತು, ಎಲ್ಲ ಬರೆದ.

ಹೇಳಬೇಕಿತ್ತು. ಹೇಳಲಿಲ್ಲ. ಇವತ್ತು ಹೇಳೋಣ ಅನ್ನುವಷ್ಟರಲ್ಲಿ ಅವನು ಇನ್ನೊಂದು ಖುಷಿ ಹಿಡಿದುಕೊಂಡು ಬರುತ್ತಿದ್ದ. ಒಂದು ದಿನ, "ಆಯಿ, ಈ ಬಳ್ಳಿಗೆ ನಿಮ್ಮ ಹೆಸರ ಇಡಬೇಕಂತ ಮಾಡೇನಿ. ರತ್ನಾ ಅಂತ" ಅಂದ. ನಾನು ಹೆದರಿದೆ ಅಂತ ಬರೆಯುವುದೇ ಸರಿ. ಅರವತ್ತೆಂಟು ವರ್ಷದಲ್ಲಿ ಅತ್ತೆಗೂ ಹೆದರದವಳು ಈ ಒಂಟೆಯ ನಗುವಿಗೆ ಹೆದರಿದೆ.

ಜನವರಿಯಲ್ಲಿ ಅವನ ದೊಡ್ಡ ಸಾಹೇಬರು, ಅಂದರೆ ಅವನಿಗೆ ಕಲಿಸುವವರು, ಇನ್ನೂ ನಾಲ್ಕು ಮಂದಿಯನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ತ್ರಿಶಲಾ ಚಹಾ ಇಟ್ಟಳು, ಅಪ್ಪಾಸು ಟೋಪಿ ಹಾಕಿಕೊಂಡ. ಸಾಹೇಬರು ಬಿಳಿ ಸಾಲಿನ ಕೆಳಗೆ ಹೋಗಿ ಎಲೆ ನೋಡಿದರು, ಹುಬ್ಬು ಏರಿಸಿದರು.

"ಕಾಯ ದಿಲಂಸ?" ಅಂದರು. ಏನು ಕೊಟ್ಟೆ ಅಂತ.

"ಕಾಹೀ ನಾಹೀ, ಸರ್. ಏನೂ ಇಲ್ಲ. ನೀರು ಗೊಬ್ಬರ ಬಿಟ್ರ ಒಂದ ಹನಿ ಸೈತ ಇಲ್ಲ. ಈಗ ನೋಡ್ರಿ ಸರ್, ಹತ್ತೂವರಿ ಆತು, ಬೆಕ್ಕು ಬರತೈತಿ."

ಐದು ಮಂದಿ ಕಲಿತ ಗಂಡಸರು ಮಂಡಪದ ಕೆಳಗೆ ಬಗ್ಗಿ ನಿಂತು ಬೆಕ್ಕಿಗಾಗಿ ಕಾದರು. ಹಿಂದಿನ ದಿನ ಸೋಮವಾರ. ಬೆಕ್ಕು ಬಂದೇ ಬಂತು. ನೇರವಾಗಿ ಬಿಳಿ ಸಾಲಿಗೆ ಹೋಗಿ ಮೊದಲ ಬೊಡ್ಡೆ ನೆಕ್ಕತೊಡಗಿತು. ಒಬ್ಬರು ಫೋಟೋ ತೆಗೆದರು. ಚನಬಸುನ ಮಾರಿಯ ಮೇಲೆ ಅಂಥ ಬೆಳಕು ನಾನು ಅವನು ಊಟ ಮಾಡುವಾಗಲೂ ನೋಡಿರಲಿಲ್ಲ. "ನಮ್ಮವ್ವನ ಆಣಿ ಸರ್, ಏನೂ ಹೊಡದಿಲ್ಲ" ಅಂದ.

ಮಹಾಗಾಂವದ ಆ ಹೆಂಗಸಿನ ಆಣೆ ಬಿದ್ದ ಮೇಲೆ ನಾನು ಸುಮ್ಮನಿರಲಾಗಲಿಲ್ಲ.

"ನಾ ಹೊಡದೇನಿ" ಅಂದೆ.

"ಏನ್ರಿ ಆಯಿ?"

"ಮಜ್ಜಿಗಿ. ಸೋಮಾರಕ್ಕೊಮ್ಮಿ. ಬೆಕ್ಕಿಗೆ ಬಳ್ಳಿ ಗುಣ ಗಿಣ ಏನೂ ಗೊತ್ತಿಲ್ಲೋ, ಅದಕ್ಕ ಮಜ್ಜಿಗಿ ಗೊತ್ತೈತಿ."

ಸಾಹೇಬರು ಒಂದು ಎಲೆ ಕಿತ್ತು, ಬೆರಳು ಒರೆಸಿ, ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ನಗಲಿಕ್ಕೆ ಹತ್ತಿದರು. ತಂತಿ ಹಿಡಿದುಕೊಂಡು ನಕ್ಕರು, ಮಂಡಪ ಅಲುಗಿತು. ಉಳಿದವರೂ ನಕ್ಕರು. ಅಪ್ಪಾಸು ನನ್ನನ್ನು ನುಂಗುವ ಹಾಗೆ ನೋಡಿದ. ಚನಬಸು ನಗಲಿಲ್ಲ. ನಿಂತಲ್ಲೇ ನೀರಿನ ಕಾಲುವೆಯಲ್ಲಿ ಕೂತುಬಿಟ್ಟ. ಕಾಲುವೆಯಲ್ಲಿ ನೀರಿತ್ತು.

ನಕ್ಕು ಮುಗಿದ ಮೇಲೆ ಸಾಹೇಬರು ನಿಜ ಹೇಳಿದರು. ಈ ವರ್ಷದ ಅಂಕಿ ಎಲ್ಲ ಕಸ. ಇನ್ನೊಂದೇ ಹಂಗಾಮು ಕೊಡುತ್ತೇನೆ, ಅದರಲ್ಲಿ ಆಗದಿದ್ದರೆ ಡಾಕ್ಟರಿಕೆ ಮರೆತು ಊರಿಗೆ ಹೋಗು. ಅವರು ಜೀಪು ಹತ್ತಿದರು. ಮಹಾಗಾಂವದ ಬಾಗಿಲಿನ ಬೋರ್ಡು ನನ್ನ ಕಣ್ಣ ಮುಂದೆ ಬಂತು. ಅಳಿಸುವುದಾದರೆ ಆ ತಾಯಿ ಯಾವ ಬಣ್ಣದಿಂದ ಅಳಿಸಬೇಕು?

ನಾನು ಕಾಲುವೆಯ ದಂಡೆಗೆ ಹೋಗಿ, "ಬೈಯಪಾ" ಅಂದೆ. ಬೈಯಲಿಲ್ಲ. ಒದ್ದೆ ಪಾಯಿಜಾಮದಲ್ಲೇ ನೋಟಬುಕ್ಕು ತೆಗೆದು ಕೇಳಿದ:

"ಎಷ್ಟ ದಿನದ ಮಜ್ಜಿಗಿ ರೀ?"

"ಮೂರ ದಿನದ್ದು."

"ಒಂದ ಲೀಟರ್ ಮಜ್ಜಿಗಿಗೆ ನೀರ ಎಷ್ಟು?"

"ಕೈಗೆ ಬಂದಷ್ಟು."

"ಕೈಗೆ ಬಂದಷ್ಟು ಅಂತ ಪುಸ್ತಕದಾಗ ಬರಿಯಾಕ ಬರೂದಿಲ್ರಿ ಆಯಿ. ನಾಳೆ ಅಳತಿ ಮಾಡೂಣು."

ಬರುವ ವರ್ಷ ಮಜ್ಜಿಗೆಗೂ ಒಂದು ಸಾಲು, ಹಸಿರು ರಿಬ್ಬನ್ನು. ಆದರೆ ಬಿಳಿ ಸಾಲು ಮತ್ತೆ ಇರಲೇಬೇಕು, ಅದಕ್ಕೆ ಏನೂ ಇಲ್ಲ. "ಬ್ಯಾರೆಯವರ ಬಾಗಕ್ಕ ಹೋಗೋ, ನನ್ನಂಥಾ ಮುದಿಕಿ ಇಲ್ಲದಲ್ಲಿ" ಅಂದೆ. "ಹೋದ್ರ ಮದಲನೇ ವರ್ಷದ ಲೆಕ್ಕಾನೂ ಹೋಗತೈತ್ರಿ. ಇಲ್ಲೇ ಆಗಬೇಕು. ನೀವ ಮಾತ ಕೊಡ್ರಿ" ಅಂದ. ಕೊಟ್ಟೆ. ಕೊಟ್ಟು ಮನೆಗೆ ಬಂದ ಮೇಲೆ, ನನ್ನ ಕೈಯ ಮೇಲೆ ನನಗೇ ಭರವಸೆ ಇಲ್ಲ ಅಂತ ಗೊತ್ತಾಯಿತು.

ನಮ್ಮವರಲ್ಲಿ ಒಂದು ರೂಢಿ ಇದೆ. ಮನಸ್ಸು ಎಲ್ಲಿ ಜಾರುತ್ತದೋ ಅಲ್ಲಿ ಒಂದು ಪದಾರ್ಥ ಬಿಡುವುದು. ಒಬ್ಬರು ಬೆಲ್ಲ ಬಿಡುತ್ತಾರೆ, ಒಬ್ಬರು ಉಪ್ಪು. ಮೂರನೆಯ ವರ್ಷ ಛಾಟಣಿಯ ದಿನ ನಾನು ಬಸದಿಗೆ ಹೋಗಿ ಮಜ್ಜಿಗೆ ಬಿಟ್ಟೆ. ದ್ರಾಕ್ಷಿ ಕೊಯ್ಯುವ ತನಕ ಒಂದು ಗುಟುಕು ಇಲ್ಲ. ಆ ಸಾಲಿಗೆ ಇಲ್ಲದ್ದು ನನಗೂ ಇಲ್ಲ, ಅಲ್ಲಿಗೆ ಪಂಕ್ತಿ ಸಮವಾಯಿತು.

ಸುಲಭ ಅಂತ ತಿಳಿಯಬೇಡಿ. ಭಕ್ಕರಿ, ಖಾರಬ್ಯಾಳಿ, ಮಜ್ಜಿಗೆ ಇಲ್ಲ. ಗಂಟಲಲ್ಲಿ ತುತ್ತು ನಿಲ್ಲುತ್ತಿತ್ತು. ತ್ರಿಶಲಾ ಬೇಕಂತಲೇ ಎದುರಿಗೆ ಕೂತು ಸುರ್ರ್ ಅಂತ ಕುಡಿಯುತ್ತಿದ್ದಳು. "ಅತ್ತಿ, ಇವತ್ತಿನ ಮಜ್ಜಿಗಿ ಸೊನ್ನೆ ನೋಡ್ರಿ" ಅನ್ನುವಳು. ಅಪ್ಪಾಸು ಕೈಪಂಪಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಕಟ್ಟಿಕೊಂಡ, ಹೆತ್ತ ತಾಯಿಯ ಮೇಲೆ ಇಷ್ಟು ನಂಬಿಕೆ. ಚನಬಸು ಮಾತ್ರ ಯಾರಿಗೂ ಏನೂ ಹೇಳದೆ ಸೋಮವಾರದ ರೈಲಿಗೆ ಎಂದಿನಂತೆ ಹೋದ. ಕಾವಲು ಇಟ್ಟು ಹೋಗಿದ್ದರೆ ಕದ್ದು ಹೊಡೆಯುತ್ತಿದ್ದೆನೋ ಏನೋ. ಬೂದಿ ಬಂತು, ಎಲೆ ಮುದುಡಿತು, ಕಾಯಿ ಸೀಳಿತು. ನಾನು ಆ ಸಾಲಿನ ಮುಂದೆ ದಿನಾ ಒಮ್ಮೆ ಹೋಗಿ ನಿಲ್ಲುತ್ತಿದ್ದೆ, ಮುಟ್ಟುತ್ತಿರಲಿಲ್ಲ.

ಮಾರ್ಚಿನಲ್ಲಿ ಲೆಕ್ಕ ಬಂತು. ಅಂಗಡಿಯ ಔಷಧ ಮೊದಲು. ಎರಡನೆಯದು ಮಜ್ಜಿಗೆ. ಚನಬಸು ಮೂರು ವರ್ಷ ಬೆಲ್ಲ ಸುರಿದು ಬೆಳೆಸಿದ ಜೀವಾಣು ಮೂರನೆಯದು. ಬಿಳಿ ಸಾಲನ್ನು ಬಿಟ್ಟರೆ ಅದೇ ಕಡೆಯದು. ಅವನು ಒಂದು ದಿನ ಪಂಪಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮಜ್ಜಿಗೆಯ ಸಾಲು ಬಿಟ್ಟು ಬರೆ, ಯಾರಿಗೆ ಗೊತ್ತಾಗುತ್ತದೆ, ಅಂತ ಜೊತೆಗೆ ಓದುವವನೊಬ್ಬ ಹೇಳಿದನಂತೆ. "ಕಂಡದ್ದ ಬರೀಬೇಕಲ್ರಿ" ಅಂದ ನನಗೆ. ಬರೆದ.

ಪರೀಕ್ಷೆಯ ದಿನ ನನ್ನನ್ನೂ ಕೊಲ್ಹಾಪುರಕ್ಕೆ ಕರೆದುಕೊಂಡು ಹೋದ. ಮಜ್ಜಿಗೆ ನಿಮ್ಮದು, ನೀವು ಇರಬೇಕು ಅಂದ. ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಹೊರಗಿನಿಂದ ಬಂದ ಪರೀಕ್ಷಕರು ದಪ್ಪ ಕನ್ನಡಕದವರು. ಪುಸ್ತಕ ತಿರುವುತ್ತ ಒಂದು ಕಡೆ ಬೆರಳಿಟ್ಟು ಮರಾಠಿಯಲ್ಲಿ ಕೇಳಿದರು: ಎರಡನೆಯ ವರ್ಷ ಬಾಗದವರ ತಾಯಿ ಈ ಸಾಲಿಗೆ ಮಜ್ಜಿಗೆ ಹೊಡೆದರು ಅಂತ ನೀನೇ ಬರೆದಿದ್ದೀ. ಮೂರನೆಯ ವರ್ಷವೂ ಹೊಡೆದಿಲ್ಲ ಅನ್ನುವುದಕ್ಕೆ ಏನು ಆಧಾರ?

"ಆಯಿ ಮಾತ ಕೊಟ್ಟಿದ್ರು ಸರ್."

"ಮಾತು!" ಅಂತ ಅವರು ಪೆನ್ನಿನಿಂದ ಮೇಜು ಕುಟ್ಟಿದರು. ಕೋಣೆಯಲ್ಲಿ ಒಬ್ಬರು ಕಿಸಕ್ಕೆಂದರು. ಮೂರು ವರ್ಷ ಅವನು ಕೂಡಿಸಿದ್ದೆಲ್ಲ ಈ ಮುದುಕಿಯ ಕೊರಳಿಗೆ ಬಂದು ನಿಂತಿತು.

ನಾನು ಎದ್ದು ನಿಂತೆ. ನನ್ನ ಮರಾಠಿ ನಾಲ್ಕನೇ ಇಯತ್ತೆಯದು, ಅದರಲ್ಲೇ ಹೇಳಿದೆ. "ಆ ಐದು ತಿಂಗಳು ನಾನು ಮಜ್ಜಿಗೆ ಕುಡಿದಿಲ್ಲ. ಬಸದಿಯಲ್ಲಿ ಬಿಟ್ಟಿದ್ದೆ. ನನ್ನ ಸೊಸೆಯನ್ನು ಕೇಳಿ, ನನ್ನ ಮೇಲೆ ಅವಳಿಗೆ ಅಂಥ ಪ್ರೀತಿ ಏನಿಲ್ಲ, ಸುಳ್ಳು ಹೇಳುವುದಿಲ್ಲ."

ಬಳ್ಳಿಗೆ ಹೊಡೆಯುವುದಕ್ಕೂ ಇವರು ಕುಡಿಯುವುದಕ್ಕೂ ಏನು ಸಂಬಂಧ ಅಂತ ಪರೀಕ್ಷಕರು ದೊಡ್ಡ ಸಾಹೇಬರ ಕಡೆ ತಿರುಗಿದರು. ಸಾಹೇಬರು ಹಳ್ಳಿಯಲ್ಲಿ ಹುಟ್ಟಿದವರು. ಮೆಲ್ಲಗೆ ಏನೋ ತಿಳಿಸಿ ಹೇಳಿದರು. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮಾರ್ಚಿನ ಬಿಸಿಲಲ್ಲೂ ಕುಡಿಯಲಿಲ್ಲವೇ?"

"ಮಾರ್ಚಿನಲ್ಲೂ ಇಲ್ಲ."

"ನಾನಾಗಿದ್ದರೆ ಆಗುತ್ತಿರಲಿಲ್ಲ" ಅಂದು ಅವರು ಪುಟ ತಿರುವಿದರು. ಆಮೇಲೆ ಆ ಸಾಲಿನ ಮಾತು ಯಾರೂ ಎತ್ತಲಿಲ್ಲ. ಅರ್ಧ ತಾಸಿಗೆ ಅವನು ಡಾಕ್ಟರ್ ಆದ.

ಅವನನ್ನು ನಾನು ಕಡೆಗೆ ನೋಡಿದ್ದು ಅಂದೇ. ವಿದರ್ಭದ ಕಡೆ ಕಿತ್ತಳೆ ಗಿಡಗಳ ರೋಗ ನೋಡುವ ಕೆಲಸ ಸಿಕ್ಕಿತು, ಹೋದ. ಫೋನು ಬರುತ್ತದೆ, ಮನುಷ್ಯ ಬರುವುದಿಲ್ಲ. ಅವತ್ತು ಕೊಲ್ಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವನು ಊರಿಗೆ ಹೋಗಲು ಗಡಹಿಂಗ್ಲಜದ ಬಸ್ಸಿಗೆ, ನಾನು ಜಯಸಿಂಗಪುರದ ಬಸ್ಸಿಗೆ ಕಾಯುತ್ತ ಒಂದೇ ಬಾಕಿನ ಮೇಲೆ ಕೂತಿದ್ದೆವು. ಅವನು ಕೇಳಿದ:

"ಆಯಿ, ಹೋದ ವರ್ಷ ಆ ಸಾಲ ನೋಡಕೋತ ಸುಮ್ಮನ ಇರೂದು ಭಾಳ ತ್ರಾಸ ಆತ ಏನ್ರಿ?"

"ಆತು" ಅಂದೆ.

"ನನಗೂ ಆಗತಿತ್ರಿ. ಮದಲನೇ ವರ್ಷದಿಂದಾನೂ. ಮ್ಯಾಲೆ ನೋಡಕೋತ ಅಂಕಿ ಹೇಳತಿದ್ದೆ, ಇಲ್ಲಂದ್ರ ಅಳು ಬರತಿತ್ತು."

ಗಡಹಿಂಗ್ಲಜದ ಬಸ್ಸು ಬಂತು. ಅವನು ಕಾಲು ಮುಟ್ಟಿ, ಚೀಲ ತೊಗೊಂಡು, ಗದ್ದಲದಲ್ಲಿ ಹತ್ತಿ ಕಿಟಕಿಯಲ್ಲಿ ಮುಖ ಇಟ್ಟ. ಬಸ್ಸು ಹೊರಟಿತು. ನಾನು ಕೂಗಿ ಹೇಳಿದೆ:

"ಹುಚ್ಚ ಖೋಡಿ, ಮದಲ ಹೇಳಿದ್ರ ಇಬ್ಬರೂ ಕೂಡಿ ಮಜ್ಜಿಗಿ ಹೊಡೀತಿದ್ವಲ್ಲೋ!"